ನೀರು ಯಾವ ಕಡೆಗೆ?

ಬೆಳಗ್ಗೆ ಒಂಬತ್ತಕ್ಕೇ ಏರಿ ಮೇಲಿನ ಮಣ್ಣು ಕಾದಿದೆ. ಕೋಲಾರ ಜಿಲ್ಲೆಯ ಮಾಸ್ತಿಯಿಂದ ಸ್ವಲ್ಪ ದೂರದ ಒಂದು ಕೆರೆ. ಅಂಗಳದಲ್ಲಿ ನೀರಿಲ್ಲ, ಜಾಲಿ ಬೆಳೆದಿದೆ, ನಡುವೆ ನಾಲ್ಕಾರು ಹಸು ಮೇಯುತ್ತಿವೆ. ನನ್ನ ಮುಂದೆ ನಡೆಯುತ್ತಿರುವ ಹುಡುಗಿ ಮಾಲೂರಿನವಳು, ಡಿಪ್ಲೊಮಾ ಓದುತ್ತಿದ್ದಾಳೆ. ಅವಳ ಕೈಯ ಮೊಬೈಲಿನಲ್ಲಿ ನಾವು ನಡೆದು ಬಂದ ದಾರಿ ಕೆಂಪು ಗೆರೆಯಾಗಿ ಉದ್ದವಾಗುತ್ತಿದೆ.

ಅವಳು ಬಂದಿರುವುದು ಒಂದು ಪ್ರಶ್ನೆಗೆ ಉತ್ತರ ಹುಡುಕಿಕೊಂಡು. ಈ ಕೆರೆಗೂ ಪಕ್ಕದ ಕೆರೆಗೂ ನಡುವೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಯಲ್ಲಿ ಒಂದು ಕಾಲುವೆ ಎಳೆದಿದ್ದಳು, ಮನೆಯಲ್ಲಿ ಕೂತು, ಬಿಂಗ್‌ನ ಉಪಗ್ರಹ ಚಿತ್ರ ನೋಡಿಕೊಂಡು. ಅದಕ್ಕೇನೂ ಅಡ್ಡಿಯಿಲ್ಲ, 2010ರಿಂದಲೇ ಆ ಚಿತ್ರದ ಮೇಲೆ ಗೆರೆ ಎಳೆಯಲು ಅನುಮತಿ ಇದೆ. ಗೂಗಲ್ ಮ್ಯಾಪ್ ನೋಡಿ ಬರೆದರೆ ಮಾತ್ರ ತಪ್ಪು. ಉಳಿಸುವಾಗ, ಯಾರಾದರೂ ಒಮ್ಮೆ ನೋಡಲಿ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಿದ್ದಳು. ಯಾರೋ ಹಳಬರು ನೋಡಿ ಕೇಳಿದರು: ‘ಚೆನ್ನಾಗಿದೆ. ನೀರು ಯಾವ ಕಡೆಗೆ ಹರಿಯುತ್ತದೆ?’ ಆ ನಕ್ಷೆಯ ಡೇಟಾಬೇಸಿನಲ್ಲಿ ಕಾಲುವೆಗೆ ಬೇರೆ ಬಾಣ ಹಾಕುವುದಿಲ್ಲ, ಗೆರೆ ಎಳೆದ ದಿಕ್ಕೇ ನೀರಿನ ದಿಕ್ಕು. ಆಕಾಶದಿಂದ ತೆಗೆದ ಚಿತ್ರದಲ್ಲಿ ಉಬ್ಬು ತಗ್ಗು ಕಾಣದು. ಬಸ್ ಹತ್ತಲೇಬೇಕಾಯಿತು.

ಏರಿ ಕೊನೆಯಲ್ಲಿ ಹಸು ಕಾಯುವ ತಾತ ನಮ್ಮನ್ನು ತಡೆಯುತ್ತಾನೆ. “ಏನಮ್ಮಾ, ಒತ್ತುವರಿ ಸರ್ವೇನಾ?”

“ಅಲ್ಲ ತಾತ, ಮ್ಯಾಪಿಗೆ. ಕೋಡಿ ಎಲ್ಲಿದೆ?”

ಕೋಲು ಎತ್ತಿ ತೋರಿಸುತ್ತಾನೆ. “ಅಗೋ, ಆ ಹುಣಸೆ ಮರದತ್ರ. ಅಲ್ಲಿ ಬಿದ್ದಿದ್ದು ರೋಡ್ ಕೆಳ್ಗೆ ಮೋರಿಯಾಗೆ ನುಗ್ಗಿ ಕೆಳಗಿನ ಕೆರೆಗೆ ಹೋಗ್ತದೆ. ಎಷ್ಟು ಕೊಡ್ತಾರೆ ನಿಂಗೆ?”

“ಏನೂ ಇಲ್ಲ ತಾತ.”

“ಮತ್ಯಾಕಮ್ಮಾ ಈ ಬಿಸ್ಲಾಗೆ ಅಲೀತೀಯ?”

ನಗುತ್ತಾಳೆ. ನನಗೂ ಕೇಳಬೇಕೆನಿಸಿದ ಪ್ರಶ್ನೆ ಅದು.

ತಾತ ಹೇಳಿದ್ದನ್ನೇ ಬರೆದುಕೊಂಡು ಹಿಂದಿರುಗಬಹುದಿತ್ತು. ಅವಳು ಕೋಡಿಗೇ ಇಳಿಯುತ್ತಾಳೆ. ಕಲ್ಲುಕಟ್ಟಡದ ಕೆಳಗೆ ನೆಲ ಕೊರೆದು ಹೋಗಿದೆ. ಮುಂದೆ ಕಾಲುವೆಯುದ್ದಕ್ಕೂ ಜಾಲಿ ಬುಡಗಳಿಗೆ ಪ್ಲಾಸ್ಟಿಕ್ ಕವರು, ಒಣಹುಲ್ಲು, ಒಂದು ಹಳೇ ಚಪ್ಪಲಿ ಸಿಕ್ಕಿಕೊಂಡಿವೆ, ಎಲ್ಲವೂ ಕೋಡಿ ಕಡೆಯ ಮಗ್ಗುಲಿಗೇ. ಹನಿ ನೀರಿಲ್ಲದಿದ್ದರೂ ಹರಿದ ದಿಕ್ಕು ಕಣ್ಣಿಗೆ ಕಾಣುತ್ತಿದೆ. ಅವಳು ಫೋಟೊ ತೆಗೆದು, ಮೋರಿಯ ಎರಡೂ ಬಾಯಿಗಳನ್ನು ಗುರುತು ಹಾಕಿಕೊಳ್ಳುತ್ತಾಳೆ. ಮನೆಯಲ್ಲಿ ಎಳೆದಿದ್ದ ಗೆರೆ ಪೂರಾ ಉಲ್ಟಾ.

ಕೋಲಾರದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ಇದು, ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿದಾಗಲೂ ಅದು ಕೆರೆಯಿಂದ ಕೆರೆಗೆ ಸಾಗಿದ್ದು ಹೀಗೆಯೇ. ಯಾವ ಕೆರೆ ಯಾವುದರ ತಲೆಯ ಮೇಲಿದೆ ಎಂಬುದು ನೀರಗಂಟಿಗಳಿಗೆ ಬಾಯಿಪಾಠ, ನಕ್ಷೆಗಳಿಗೆ ಅಲ್ಲ.

ಮಧ್ಯಾಹ್ನ ಮಾಸ್ತಿಯ ಟೀ ಅಂಗಡಿ. ಮೊಬೈಲಿನಲ್ಲಿ ತನ್ನ ಖಾತೆ ತೋರಿಸುತ್ತಾಳೆ. ಮೊದಲು ಸೇರಿಸಿದ್ದು ಇದೇ ಊರಿನ ಒಂದು ಚುಕ್ಕಿ: ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆ, ಈಗ ಗ್ರಂಥಾಲಯ. ಆಮೇಲೆ ಬಸ್ ನಿಲ್ದಾಣ, ಶಾಲೆ, ಅಂಗಡಿ, ಊರಿನ ಕನ್ನಡ ಹೆಸರುಗಳು. ಪ್ರತಿಯೊಂದಕ್ಕೂ ಒಂದು ಸಾಲಿನ ಟಿಪ್ಪಣಿ: ಕಣ್ಣಾರೆ ನೋಡಿದ್ದು, ಬೋರ್ಡು ಓದಿದ್ದು, ಉಪಗ್ರಹ ಚಿತ್ರದಿಂದ ಎಳೆದದ್ದು. 2004ರಲ್ಲಿ ಲಂಡನ್ನಿನಲ್ಲಿ ಸ್ಟೀವ್ ಕೋಸ್ಟ್ ಶುರುಮಾಡಿದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಹಳಬರೆಂದು ತೋರಿಸುವ ಬಿಲ್ಲೆಯಿಲ್ಲ, ಬಡ್ತಿಯಿಲ್ಲ. ಇರುವುದು ಈ ಇತಿಹಾಸವೊಂದೇ, ಅಳಿಸಲಾಗದು. ಒಂದೇ ರಾತ್ರಿ ಇಡೀ ತಾಲ್ಲೂಕು ತುಂಬಿಸುವ ಉತ್ಸಾಹಿಗಳನ್ನು ಕಂಡರೆ ಹಳಬರಿಗೆ ಗುಮಾನಿ. ಅದು ಸರಿ ಎಂದೇ ನನಗೂ ಅನಿಸುತ್ತದೆ.

ಟೀ ಆರುತ್ತಿದೆ. ಅವಳು ಗೆರೆಯ ದಿಕ್ಕು ತಿರುಗಿಸುತ್ತಾಳೆ. ರಸ್ತೆ ದಾಟುವ ತುಂಡನ್ನು ಬೇರೆ ಮಾಡಿ ಕಲ್ವರ್ಟ್ ಎಂದು ಗುರುತಿಸಿ ಒಂದು ಪದರ ಕೆಳಗಿಳಿಸುತ್ತಾಳೆ. ಕೆರೆಗೆ ‘ಇಂಟರ್ಮಿಟೆಂಟ್’, ಅಂದರೆ ಕೆಲವು ಕಾಲ ಮಾತ್ರ ನೀರಿರುವುದು. ಮೋರಿಯಿಂದಾಚೆ, ಬೇಲಿ ಹಾಕಿದ ಟೊಮೆಟೊ ತೋಟದೊಳಗೆ ಕಾಲುವೆ ಹೊಕ್ಕಿತ್ತು, ನಾವು ಹೋಗಿರಲಿಲ್ಲ. ಆ ತುಂಡಿಗೆ ‘ಫಿಕ್ಸ್‌ಮಿ’, ಅಂದರೆ ‘ಸರಿಪಡಿಸಿ’ ಎಂಬ ಗುರುತು ಅಂಟಿಸಿ ‘ನಡೆದು ನೋಡಿಲ್ಲ’ ಎಂದು ಬರೆಯುತ್ತಾಳೆ. ತಾತನ ಮಾತಿನ ಮೇಲೆ ಅದನ್ನೂ ಪೂರ್ತಿ ಮಾಡಬಹುದಿತ್ತಲ್ಲ ಎಂದರೆ, “ಇನ್ನೊಬ್ಬರು ಬಂದು ನೋಡ್ಬೇಕಲ್ವಾ ಸಾರ್, ಎಲ್ಲಾ ಸರಿಯಿದೆ ಅಂತ ಕಂಡ್ರೆ ಯಾರು ಬರ್ತಾರೆ?” ಎನ್ನುತ್ತಾಳೆ.

ಹಳಬರ ಪ್ರಶ್ನೆಗೆ ಉತ್ತರ ಹೋಯಿತು: ‘ಸ್ಥಳದಲ್ಲಿ ನೋಡಿದೆ. ದಿಕ್ಕು ತಿರುಗಿಸಿದ್ದೇನೆ.’

ಬಸ್ಸಿಗೆ ಇನ್ನೂ ಹೊತ್ತಿದೆ. ಪಕ್ಕದ ಹಳ್ಳಿಯಲ್ಲಿ ಹೊಸಬರೊಬ್ಬರು ಒಂದೇ ಏಟಿಗೆ ಏಳೆಂಟು ಅಂಗಡಿಗಳ ಹೆಸರು ಸೇರಿಸಿರುವುದು ಅವಳ ಕಣ್ಣಿಗೆ ಬೀಳುತ್ತದೆ. ಕಾಗುಣಿತದ ತಪ್ಪುಗಳೂ ಬೇರೆ ಯಾವುದೋ ನಕ್ಷೆಯಲ್ಲಿರುವಂತೆಯೇ ಇವೆ. ‘ನಕಲು ಮಾಡಬೇಡಿ’ ಎಂದು ಬೆರಳಾಡಿಸಿ, ಅಳಿಸಿ, ಮತ್ತೆ ಬರೆಯುತ್ತಾಳೆ: ‘ನಮಸ್ಕಾರ. ಈ ಹೆಸರುಗಳು ಎಲ್ಲಿ ಸಿಕ್ಕಿದವು? ಬೋರ್ಡು ನೋಡಿದಿರಾ?’