ಗಾಳಿಯ ಜೊತೆ ಬರುವ ಮಣ್ಣು

ಹಳೆಯ ಸಣ್ಣ ಟ್ರ್ಯಾಕ್ಟರಿಗೆ ಹೊಸ ಬಣ್ಣ ಹೊಡೆಸಿ, ಮುಂದೆ ಹೊಳೆಯುವ ಬಂಪರ್ ಕೂರಿಸಿ, ಮಡ್‌ಗಾರ್ಡಿನ ಮೇಲೆ ಎರಡು ಸ್ಪೀಕರ್ ಬಿಗಿದು, ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸು ಮಾತ್ರ ಬಿರುಕು ಬಿಟ್ಟಿದ್ದರೆ ಅದಕ್ಕೆ ಹಳೆಯ ಬಟ್ಟೆಯ ಚೂರು ಸುತ್ತಿ ಸುಮ್ಮನಾಗುವುದು ಊರುಗಳಲ್ಲಿ ಅಪರೂಪವಲ್ಲ. ಇಂಥ ಟ್ರ್ಯಾಕ್ಟರ್ ಬೆಳಗಿನ ಹೊತ್ತು ಹಾಡು ಹಾಕಿಕೊಂಡು ಬೀದಿಯಲ್ಲಿ ಸಾಗಿದರೆ, ಯಂತ್ರದ ಒಳಗನ್ನು ಬಲ್ಲವರ ಕಣ್ಣು ಬಣ್ಣವನ್ನು ಬಿಟ್ಟು ಆ ಬಟ್ಟೆಯ ಗಂಟಿನ ಮೇಲೆ ನಿಲ್ಲುತ್ತದೆ. ಅಲ್ಲಿ ಹುಟ್ಟಿದ ಕಿರಿಕಿರಿ ಸಂಜೆಯವರೆಗೂ ಇಳಿಯುವುದಿಲ್ಲ. ಸಿಂಗಾರ ತಪ್ಪಲ್ಲ, ದುಡಿಯುವ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ನಾಡಿನಲ್ಲಿ ಅದು ಅಕ್ಕರೆಯ ಗುರುತು. ಆದರೆ ಕೊಂಬಿಗೆ ಬಣ್ಣ ಹಚ್ಚುವ ಕೈಯೇ ಗೊರಸನ್ನೂ ಎತ್ತಿ ನೋಡುತ್ತಿತ್ತು ಎಂಬುದನ್ನು ಮರೆಯಬಾರದು.

ಸಣ್ಣ ಟ್ರ್ಯಾಕ್ಟರ್ ಎಂದರೆ ಸ್ಥೂಲವಾಗಿ 30 ಅಶ್ವಶಕ್ತಿಗಿಂತ ಕೆಳಗಿನ, ದ್ರಾಕ್ಷಿ, ದಾಳಿಂಬೆ, ಅಡಿಕೆಯ ಸಾಲುಗಳ ನಡುವೆ ಗಿಡಕ್ಕೆ ತಾಗದೆ ಹೋಗಿಬರಬಲ್ಲ ಯಂತ್ರ. 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಬೆಳೆದ ವಿ.ಎಸ್.ಟಿ. ಸಂಸ್ಥೆಯ ಪವರ್ ಟಿಲ್ಲರ್ ಮತ್ತು 18.5 ಅಶ್ವಶಕ್ತಿಯ, ಮೂರು ಸಿಲಿಂಡರಿನ ‘ಶಕ್ತಿ’ ಟ್ರ್ಯಾಕ್ಟರುಗಳಿಂದ ಈ ವರ್ಗದ ಯಂತ್ರಗಳು ಕನ್ನಡ ನಾಡಿನ ತೋಟಗಳಿಗೆ ಚಿರಪರಿಚಿತವಾದವು. ಇವುಗಳ ಎಂಜಿನ್ ಗಾತ್ರದಲ್ಲಿ ಚಿಕ್ಕದು, ರಚನೆಯಲ್ಲಿ ಸರಳ. ಆದ್ದರಿಂದಲೇ ಮನೆಯಂಗಳದಲ್ಲಿ ನಾಲ್ಕು ಸ್ಪ್ಯಾನರ್ ಹಿಡಿದು ಕುಳಿತವರಿಗೂ ಅದು ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ. ಎಂಜಿನ್ ಆಯಿಲ್ ಬದಲಿಸುವುದು, ಬ್ಯಾಟರಿಯ ನೀರು ನೋಡುವುದು, ನಿಪ್ಪಲುಗಳಿಗೆ ಗ್ರೀಸ್ ಹೊಡೆಯುವುದು, ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ತೆಗೆಯುವುದು ಎಲ್ಲರಿಗೂ ಗೊತ್ತಿರುವ ಕೆಲಸಗಳಾದುದರಿಂದ ಅವುಗಳ ವಿಚಾರ ಇಷ್ಟೇ ಸಾಕು. ಎಲ್ಲರಿಗೂ ಗೊತ್ತಿದ್ದೂ ಯಾರೂ ಮುಚ್ಚಳ ತೆಗೆದು ನೋಡದ ಭಾಗವೊಂದಿದೆ. ಅದು ಏರ್ ಕ್ಲೀನರ್.

ಎಂಜಿನ್ ಡೀಸೆಲನ್ನು ಕುಡಿಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಏಕೆಂದರೆ ಅದಕ್ಕೆ ದುಡ್ಡು ಕೊಡಬೇಕು. ಅದು ಎಳೆದುಕೊಳ್ಳುವ ಗಾಳಿಯ ಲೆಕ್ಕ ಇಡುವವರಿಲ್ಲ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರೂ ಎರಡು ಸುತ್ತಿಗೊಮ್ಮೆ ಗಾಳಿಯನ್ನು ಎಳೆದುಕೊಳ್ಳುವುದರಿಂದ, ಸುಮಾರು ಒಂದು ಲೀಟರ್ ಗಾತ್ರದ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗಿದರೆ ಹೆಚ್ಚುಕಡಿಮೆ 1200 ಲೀಟರ್ ಗಾಳಿ ಅದರ ಹೊಟ್ಟೆಗೆ ಹೋಗುತ್ತದೆ. ಗಂಟೆಗೆ 72,000 ಲೀಟರ್. ಮಾಗಿ ಉಳುಮೆಯಲ್ಲಿ ರೋಟವೇಟರ್ ಎಬ್ಬಿಸುವ ದೂಳಿನ ನಡುವೆ ನಿಂತವರು ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತಾರೆ. ಯಂತ್ರಕ್ಕೆ ಟವೆಲ್ ಕಟ್ಟುವ ಕೆಲಸ ಏರ್ ಕ್ಲೀನರಿನದು. ಹಳೆಯ ಟ್ರ್ಯಾಕ್ಟರುಗಳಲ್ಲಿ ಅದು ಬಹುಮಟ್ಟಿಗೆ ಎಣ್ಣೆಯ ಬಟ್ಟಲಿನದು: ನಡುವಿನ ಕೊಳವೆಯಲ್ಲಿ ರಭಸವಾಗಿ ಇಳಿದ ಗಾಳಿ ತಳದ ಎಣ್ಣೆಯ ಮೇಲೆ ಒಮ್ಮೆಲೇ ಹಿಂದಿರುಗಿ ಮೇಲೇರಬೇಕು, ಭಾರವಾದ ಮಣ್ಣಿನ ಕಣಗಳು ಆ ತಿರುವಿನಲ್ಲಿ ಹೊರಳಲಾರದೆ ಎಣ್ಣೆಯಲ್ಲಿ ಬಿದ್ದು ಮುಳುಗುತ್ತವೆ, ಉಳಿದ ನಯವಾದ ದೂಳು ಎಣ್ಣೆಯಿಂದ ತೊಯ್ದ ತಂತಿಯ ಜಾಲರಿಗೆ ಅಂಟಿಕೊಳ್ಳುತ್ತದೆ. ತಿರುಗುವ ಚಕ್ರವಿಲ್ಲ, ಬದಲಿಸುವ ಕಾಗದವಿಲ್ಲ, ಒಂದು ಬಟ್ಟಲು ಎಣ್ಣೆ ಮತ್ತು ಒಂದು ತಿರುವು. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ದೊಡ್ಡ ರಕ್ಷಣೆಯನ್ನು ಸಾಧಿಸಿದ ಉಪಾಯಗಳು ಯಂತ್ರಲೋಕದಲ್ಲಿ ಬಹಳ ಇಲ್ಲ.

ಈ ಬಟ್ಟಲಿಗೆ ಬೇಕಾದದ್ದು ಗಮನ ಮಾತ್ರ. ದೂಳಿನ ಕೆಲಸವಿದ್ದ ದಿನ ಸಂಜೆಯೇ ಅದನ್ನು ಬಿಚ್ಚಿ, ತಳದಲ್ಲಿ ಕೂತ ಕೆಸರನ್ನು ತೆಗೆದು, ಡೀಸೆಲಿನಲ್ಲಿ ತೊಳೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಬೇಕು. ಕಡಿಮೆಯಾದರೆ ಮಣ್ಣು ನಿಲ್ಲುವುದಿಲ್ಲ, ಹೆಚ್ಚಾದರೆ ಎಂಜಿನ್ ಗಾಳಿಯ ಜೊತೆ ಆ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಹೋಸು ಮತ್ತು ಕ್ಲಿಪ್ಪುಗಳು ಗಾಳಿಬಿಗಿಯಾಗಿವೆಯೇ ಎಂದು ತಿಳಿಯಲು ಅನುಭವಿಗಳು ಮಾಡುವ ಪರೀಕ್ಷೆ ಸರಳ: ನಿಧಾನವಾಗಿ ಓಡುತ್ತಿರುವ ಎಂಜಿನ್ನಿನ ಗಾಳಿಬಾಯಿಗೆ ಚಪ್ಪಟೆ ಹಲಗೆಯನ್ನು ಒತ್ತಿ ಹಿಡಿದರೆ ಅದು ಕೆಲವೇ ಕ್ಷಣಗಳಲ್ಲಿ ನಿಂತುಹೋಗಬೇಕು, ನಿಲ್ಲದಿದ್ದರೆ ಗಾಳಿ ಬೇರೆಲ್ಲಿಂದಲೋ ಕಳ್ಳದಾರಿಯಲ್ಲಿ ನುಗ್ಗುತ್ತಿದೆ ಎಂದರ್ಥ. ಆ ದಾರಿಯಲ್ಲಿ ಬರುವ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿಯಿರುತ್ತದೆ. ಅದು ಲೈನರಿನ, ಅಂದರೆ ಪಿಸ್ಟನ್ ಓಡಾಡುವ ಉರುಳೆಯ ಎರಕದ ಕಬ್ಬಿಣಕ್ಕಿಂತ ಗಡುಸು. ಎಣ್ಣೆಯೊಡನೆ ಸೇರಿದ ಆ ಪುಡಿ ರಿಂಗುಗಳನ್ನೂ ಲೈನರನ್ನೂ ಉಜ್ಜುತ್ತಾ ಹೋಗಿ, ವರ್ಷಗಟ್ಟಲೆ ಬಾಳಬೇಕಾದ ಎಂಜಿನ್ನನ್ನು ಒಂದೆರಡು ಹಂಗಾಮಿನಲ್ಲೇ ಬೋರ್ ಮಾಡಿಸುವ ಸ್ಥಿತಿಗೆ ತರಬಲ್ಲದು. ಬಟ್ಟೆ ಸುತ್ತಿದ ಹೋಸು ಕಣ್ಣಿಗೆ ಚುಚ್ಚುವುದು ಇದಕ್ಕಾಗಿ.

ಹಳೆಯ ಟ್ರ್ಯಾಕ್ಟರನ್ನು ಮೇಲ್ದರ್ಜೆಗೇರಿಸುವ ಮಾತಿಗೆ ಬಂದರೂ ಮೊದಲ ಸ್ಥಾನ ಕಾಪಾಡುವ ವಸ್ತುಗಳಿಗೇ ಸಲ್ಲಬೇಕು. ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದು, ಎಲ್‌ಇಡಿ ದೀಪ, ಓಡಿದ ಗಂಟೆಗಳನ್ನು ತೋರಿಸುವ ಮೀಟರ್ ಒಳ್ಳೆಯವೇ. ಆದರೆ ಅವಕ್ಕೂ ಮುಂಚೆ ಬರಬೇಕಾದವು ಎರಡು: ಟ್ರ್ಯಾಕ್ಟರಿನ ಬಲವನ್ನು ಹಿಂದಿನ ಉಪಕರಣಕ್ಕೆ ಒಯ್ಯುವ ಪಿ.ಟಿ.ಓ. ಶಾಫ್ಟಿನ ಮೇಲಿನ ಮುಸುಕು ಮತ್ತು ಗಾಡಿ ಮಗುಚಿದಾಗ ಚಾಲಕ ಅದರಡಿ ಸಿಗದಂತೆ ತಡೆಯುವ ಉಕ್ಕಿನ ಕಮಾನು. ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುವ ಶಾಫ್ಟಿಗೆ ಪಂಚೆಯ ತುದಿ ಸಿಕ್ಕಿದರೆ ಕೈ ಹಿಂದೆಗೆಯಲು ಸಮಯವಿರುವುದಿಲ್ಲ. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆ ಇಂಥ ರಕ್ಷಣಾ ಚೌಕಟ್ಟನ್ನು 1959ರಲ್ಲೇ ಕಡ್ಡಾಯ ಮಾಡಿತ್ತು. ಆ ಕಮಾನು ಪರೀಕ್ಷೆಗೆ ಒಳಗಾದದ್ದಾಗಿರಬೇಕು, ಅಳತೆಗೆ ಸಿಕ್ಕಿದ ಪೈಪನ್ನು ವೆಲ್ಡಿಂಗ್ ಮಾಡಿಸಿ ನಿಲ್ಲಿಸಿದರೆ ಅದು ಭಾರವನ್ನು ತಾಳಲಾರದು.

ಇಷ್ಟೆಲ್ಲವನ್ನೂ ರೈತನಿಗೆ ಅವನ ನುಡಿಯಲ್ಲೇ ಒಪ್ಪವಾಗಿ ಹೇಳುವ ಪುಸ್ತಕ ಅವನ ಮನೆಯ ಗೂಡಿನಲ್ಲಿರಬೇಕು ಎಂದು ಬಯಸಿದರೆ ನೆನಪಾಗುವುದು 12ನೆಯ ಶತಮಾನದ ಆರಂಭಕಾಲದ ‘ಗೋವೈದ್ಯ’. ಅದನ್ನು ಬರೆದ ಕೀರ್ತಿವರ್ಮ ಚಾಲುಕ್ಯರ ರಾಜಕುಮಾರ. ಅರಮನೆಯವನೊಬ್ಬ ದನಗಳ ರೋಗ ಮತ್ತು ಮದ್ದನ್ನು ಕನ್ನಡದಲ್ಲಿ ಬರೆಯಲು ಕುಳಿತದ್ದು, ದುಡಿಯುವ ಜೀವದ ಆರೈಕೆ ವಿದ್ಯೆಯ ಘನತೆಗೆ ತಕ್ಕ ವಿಷಯವೆಂದು ಆ ಕಾಲ ನಂಬಿದ್ದಕ್ಕೆ ಸಾಕ್ಷಿ. ಅದೇ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ರಚಿಸಿದ, 14ನೆಯ ಶತಮಾನದಲ್ಲಿ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಕ್ಕೆ ಚಿಕಿತ್ಸೆಯನ್ನು ಹೇಳಿದ. ಲೆಕ್ಕವನ್ನೂ ಮದ್ದನ್ನೂ ಪದ್ಯಕ್ಕೆ ಹಾಕಿದ ಈ ಶಾಸ್ತ್ರಕಾರರನ್ನು ಸಾಹಿತ್ಯ ಚರಿತ್ರೆಗಳು ಕವಿಗಳ ಸಾಲಿನ ಕೊನೆಯಲ್ಲಿ ನಿಲ್ಲಿಸಿ ಬೇಗ ಮುಂದೆ ಹೋಗುತ್ತವೆ. ಆದರೆ ಓಲೆಗರಿ ಎಲ್ಲರ ಕೈಗೂ ಸಿಗದ ಕಾಲದಲ್ಲಿ, ದನ ಮೇವು ಬಿಟ್ಟ ಅಪರಾತ್ರಿಯಲ್ಲಿ ಮದ್ದು ನಾಲಿಗೆಯ ತುದಿಗೆ ಬರಬೇಕಾದರೆ ಛಂದಸ್ಸಿಗಿಂತ ನಂಬಿಕೆಯ ಉಗ್ರಾಣ ಬೇರೆ ಇರಲಿಲ್ಲ.

ಎಂಜಿನ್ನಿನ ಮೆಕ್ಯಾನಿಕರ ತಿಳಿವಳಿಕೆಯೂ ಹಾಗೆಯೇ ಬಾಯಿಂದ ಬಾಯಿಗೆ ಸಾಗುತ್ತಿದೆ: ಹೊಗೆ ಕಪ್ಪಾದರೆ ಗಾಳಿ ಸಾಲದು, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಸಿಯೇರಿದ ಮೇಲೂ ಬಿಳಿಯಾದರೆ ಡೀಸೆಲ್ ಸರಿಯಾಗಿ ಹತ್ತುತ್ತಿಲ್ಲ. ಹೊಗೆಯ ಬಣ್ಣ ಮೂರು, ತ್ರಿಪದಿಯ ಸಾಲೂ ಮೂರು. ಬೀಸುವ ಕಲ್ಲಿನ ಸುತ್ತಿಗೆ ಹೊಂದಿಕೊಂಡು ಬಂದ ಆ ಛಂದಸ್ಸಿಗೆ ತಿರುಗುವ ಎಂಜಿನ್ ಹೊರಗಿನದಾಗಲಾರದು. ಹಳ್ಳಿಯ ವರ್ಕ್‌ಶಾಪುಗಳಲ್ಲಿ ಎಣ್ಣೆಗೈಯಿಂದಲೇ ಕೆಲಸ ಕಲಿಯುತ್ತಿರುವ ಹುಡುಗರಲ್ಲಿ ಯಾರಾದರೊಬ್ಬರು ಇದನ್ನು ಮೊದಲು ಹಾಡಲಿ. ಬರೆದುಕೊಳ್ಳುವವರು ಆಮೇಲೆ ಬಂದರೂ ಸಾಕು.