ದನ, ಧನ ಮತ್ತು ಒಂದು ಕೇಬಲ್

ಏಳೂವರೆ ಎಚ್‌ಪಿ ಮೋಟಾರು ಇಳಿಸಿ ಅದಕ್ಕೆ ಒಂದಿಂಚಿನ ಪೈಪು ಜೋಡಿಸಿ ಎಂದು ನಮ್ಮ ಕಡೆಯ ರೈತರಿಗೆ ಹೇಳಿ ನೋಡಿ. ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ನಕ್ಕುಬಿಡುತ್ತಾರೆ. ಮೋಟಾರಿಗೆ ತಕ್ಕ ಪೈಪು ಬೇಕೆಂಬುದನ್ನು ಅವರಿಗೆ ಯಾವ ಪುಸ್ತಕವೂ ಕಲಿಸಿಲ್ಲ. ಆದರೆ ಅದೇ ಮನೆಗೆ ಮಗನೋ ಮಗಳೋ ಓದಲೆಂದು ದೊಡ್ಡ ಮಾನಿಟರ್ ತರುವಾಗ ಯಾರೂ ಪೈಪಿನ ಮಾತೆತ್ತುವುದಿಲ್ಲ. ಎಷ್ಟು ಇಂಚು, ಎಷ್ಟು ರೂಪಾಯಿ, ವಾರಂಟಿ ಎಷ್ಟು ವರ್ಷ ಎಂದು ಕೇಳಿಕೊಂಡು ಮನೆಗೆ ತರುತ್ತಾರೆ. ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಹೋಗುವ ಆ ಕರಿಯ ವೈರು ಡಬ್ಬದೊಳಗೆ ಬಂದದ್ದಲ್ಲವೇ, ಹಿಡಿಸಿದ ಕಡೆ ಸಿಕ್ಕಿಸಿದರಾಯಿತು ಎನ್ನುವ ಧೋರಣೆ.

ಹೀಗೆ ಸಿಕ್ಕಿಸಿದ ಒಂದು ವೈರಿನ ದೆಸೆಯಿಂದ ನಮ್ಮ ಶಿವಗಂಗೆಯ ಒಂದು ಮನೆಯಲ್ಲಿ ಅಪ್ಪ ಮಗಳ ನಡುವೆ ಹತ್ತು ಹನ್ನೆರಡು ದಿನ ಮಾತೇ ನಿಂತುಹೋಗಿತ್ತು. ಅಪ್ಪ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು. ಹಬ್ಬ ಹರಿದಿನಗಳಲ್ಲಿ ಬೆಟ್ಟದ ಬುಡದಲ್ಲಿ ತೆಂಗಿನಕಾಯಿ, ಕರ್ಪೂರ ಮಾರುತ್ತಾರೆ. ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ತುಮಕೂರಿನಲ್ಲಿ ಪದವಿಯ ಕೊನೆಯ ವರ್ಷ. ಕಾಲೇಜಿನ ಜೊತೆಗೇ ಡಿಟಿಪಿ ಕಲಿತು, ಲಗ್ನಪತ್ರಿಕೆ, ಕರಪತ್ರ, ಪುಸ್ತಕದ ಪುಟಗಳನ್ನು ಮನೆಯಲ್ಲೇ ಜೋಡಿಸಿಕೊಟ್ಟು ಫೀಸಿನ ಒಂದು ಭಾಗವನ್ನು ತಾನೇ ದುಡಿಯುತ್ತಿದ್ದಳು. ಲ್ಯಾಪ್‌ಟಾಪಿನ ಹದಿನಾಲ್ಕು ಇಂಚಿನ ಪರದೆಯಲ್ಲಿ ಪುಟವಿಡೀ ಕಾಣದು, ಹಿಗ್ಗಿಸಿದರೆ ಅರ್ಧವೇ ಕಾಣುವುದು. ದೊಡ್ಡ ಪರದೆ ಬೇಕೆಂದಳು. ಅಪ್ಪ ಒಂದು ಹಸು ಮಾರಿ, ಬೆಂಗಳೂರಿಗೆ ಹೋಗಿ, ಇಪ್ಪತ್ತೇಳು ಇಂಚಿನ ‘ಫೋರ್‌ ಕೆ’ ಮಾನಿಟರ್ ತಂದರು.

ಚಿತ್ರವೇನೋ ಬಂತು. ಆದರೆ ಮೌಸ್ ಆಡಿಸಿದರೆ ಬಾಣದ ಗುರುತು ಕೆಸರಿನಲ್ಲಿ ಕಾಲೆಳೆದಂತೆ ತಡೆದು ತಡೆದು ಸಾಗುತ್ತಿತ್ತು. ಪುಟ ಸರಿಸಿದರೆ ಕಣ್ಣು ಕಟ್ಟಿದಂತಾಗುತ್ತಿತ್ತು. ಪಕ್ಕದ ಬೀದಿಯ ಹುಡುಗನೊಬ್ಬ ಬಂದು ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಇಳಿಸಿದ. ಬಾಣವೇನೋ ಸರಾಗವಾಗಿ ಓಡಿತು, ಆದರೆ ಅಕ್ಷರಗಳು ನೆಂದ ಕಾಗದದ ಮೇಲೆ ಬರೆದಂತೆ ಮಸುಕಾದವು. ಅದೇ ಹುಡುಗ ಚಿನ್ನದ ಬಣ್ಣದ ತುದಿಯ ದುಬಾರಿ ಕೇಬಲ್ ಒಂದನ್ನು ತರಿಸಿ ಹಾಕಿದ, ಏನೂ ವ್ಯತ್ಯಾಸವಾಗಲಿಲ್ಲ. ಅಂಗಡಿಗೆ ಫೋನು ಮಾಡಿದರೆ, ಮಾನಿಟರ್ ಸರಿಯಾಗಿದೆ, ನಿಮ್ಮ ಲ್ಯಾಪ್‌ಟಾಪೇ ಹಳೆಯದು, ಹೊಸದು ತೆಗೆದುಕೊಳ್ಳಿ ಎಂಬ ಉತ್ತರ ಬಂತು.

“ಒಂದು ಹಸ ಹೋಯ್ತು ಮೇಷ್ಟ್ರೇ, ಇನ್ನೊಂದನ್ನೂ ಹೊಡ್ಕೊಂಡು ಬಾ ಅಂತಾವ್ರೆ” ಎಂದರು ಅಪ್ಪ, ದಾರಿಯಲ್ಲಿ ಸಿಕ್ಕಾಗ. “ಓದೋ ಹೆಣ್ಮಗೀಗೆ ಇದೆಲ್ಲ ಯಾಕಪ್ಪಾ ಅಂತ ನಮ್ಮೋರೇ ನಗ್ತಾವ್ರೆ. ಡಿಗ್ರಿ ಮುಗಿಸ್ಲಿ, ಆಮೇಲೆ ಸಾಕು ಬಿಡಿ.” ಆ ‘ಸಾಕು ಬಿಡಿ’ ಕೇಳಿ ನನಗೆ ದಿಗಿಲಾಯಿತು. ಆ ಹುಡುಗಿಗೆ ಮುಂದೆ ಓದುವ ಆಸೆ ಇರುವುದು ನನಗೆ ಗೊತ್ತಿತ್ತು. ಭಾನುವಾರ ಅವರ ಮನೆಗೆ ಹೋದೆ.

ಮೊದಲಿಗೆ, ಈ ಮಸುಕು ಅವಳ ಕೆಲಸಕ್ಕೆ ಯಾಕೆ ಅಷ್ಟು ತೊಡಕು ಎಂಬುದನ್ನು ಹೇಳಬೇಕು. ಇಂಗ್ಲಿಷಿನ ದೊಡ್ಡಕ್ಷರ ಒಂದನ್ನು ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕೆಗಳ ಚೌಕಟ್ಟಿನಲ್ಲಿ ಬರೆದುಬಿಡಬಹುದು. ಚುಕ್ಕೆಗಳಲ್ಲಿ ಅಕ್ಷರ ತೋರಿಸುವ ಎಷ್ಟೋ ಬೋರ್ಡುಗಳ ಲೆಕ್ಕ ಅದೇ. ‘ರಾಷ್ಟ್ರ’ ಎಂಬ ಪದದ ಎರಡನೆಯ ಅಕ್ಷರವನ್ನು ಆ ಐದು-ಏಳರೊಳಗೆ ಬರೆಯಿರಿ ನೋಡೋಣ! ಷಕಾರದ ಹೊಟ್ಟೆಯ ಗೆರೆ ಕಾಣಬೇಕು, ಕೆಳಗೆ ಟಕಾರದ ಒತ್ತು ಬರಬೇಕು, ಅದರ ಬೆನ್ನಿಗೆ ರಕಾರದ ಒತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆಗೆ ‘ತುಂಗಾ’ ಅಕ್ಷರಶೈಲಿ ಬಂದಾಗ ಕನ್ನಡ ಕಂಡಿತೆಂದು ಖುಷಿಪಟ್ಟ ನಾವೇ, ಒತ್ತಕ್ಷರ ಓದಲು ಆಗಿನ ಪರದೆಗಳಿಗೆ ಮೂಗು ತಾಗಿಸಿ ಕೂರುತ್ತಿದ್ದೆವು. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು, ಅಷ್ಟೆ. ಪರದೆಯಲ್ಲಿ ಆ ಸೀಳು ಮುಚ್ಚಿಹೋದರೆ ‘ಧನ’ ಎಂದು ಬರೆದದ್ದು ‘ದನ’ ಆಗಿ ಅಚ್ಚಿಗೆ ಹೋಗುತ್ತದೆ. ದನ ಮಾರಿ ಧನ ತಂದ ಮನೆಯಲ್ಲಿ ಇದನ್ನು ನಾನು ಉದಾಹರಣೆಯಾಗಿ ಹೇಳಿದಾಗ ಅಪ್ಪನಿಗೂ ನಗು ಬಂತು. ಮಾತು ಬಿಟ್ಟವರ ಮನೆಯಲ್ಲಿ ಅಷ್ಟು ನಗು ಬಂದದ್ದೂ ಒಳ್ಳೆಯದೇ ಆಯಿತು.

ಹುಡುಗಿಯ ಕೈಗೆ ಕಾಗದ ಕೊಟ್ಟು ಗುಣಾಕಾರಕ್ಕೆ ಕೂರಿಸಿದೆ. ಅವಳ ಮಾನಿಟರಿನಲ್ಲಿ ಅಡ್ಡಸಾಲಿಗೆ 3840 ಚುಕ್ಕೆ, ಅಂಥ 2160 ಸಾಲು. ಒಟ್ಟು 82,94,400 ಚುಕ್ಕೆ. ಸಾಮಾನ್ಯ ‘ಫುಲ್ ಎಚ್‌ಡಿ’ ಪರದೆಯ 1920×1080ಕ್ಕೆ ಇದು ಸರಿಯಾಗಿ ನಾಲ್ಕು ಪಟ್ಟು. ಇಪ್ಪತ್ತೇಳು ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿ ಆದರೆ ಇಂಚಿಗೆ ಸುಮಾರು 82 ಚುಕ್ಕೆ, ಫೋರ್‌ ಕೆ ಆದರೆ ಸುಮಾರು 163. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬಣ್ಣ, ಪ್ರತಿ ಬಣ್ಣಕ್ಕೆ 8 ಬಿಟ್, ಒಟ್ಟು 24 ಬಿಟ್. ಹೀಗೆ ಒಂದು ಚಿತ್ರಕ್ಕೆ 19,90,65,600 ಬಿಟ್. ಕಣ್ಣಿಗೆ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬರಬೇಕು. ಅಲ್ಲಿಗೆ ಸೆಕೆಂಡಿಗೆ ಸುಮಾರು 1194 ಕೋಟಿ ಬಿಟ್! ಅವಳು ಎರಡು ಸಲ ಸೊನ್ನೆಗಳನ್ನು ಎಣಿಸಿದಳು.

ಇಷ್ಟೂ ಆ ವೈರಿನೊಳಗೆ ಹೋಗಬೇಕು. ಅವಳು ಬಳಸಿದ್ದು ಎಚ್‌ಡಿಎಂಐ ಕೇಬಲ್. ಈ ಪದ್ಧತಿ ಹುಟ್ಟಿದ್ದು 2002ರ ಕೊನೆಯಲ್ಲಿ, ಆಮೇಲೆ ಕಂತು ಕಂತಾಗಿ ಹಿಗ್ಗುತ್ತಾ ಬಂತು. 2009ರ 1.4 ಆವೃತ್ತಿ ಸೆಕೆಂಡಿಗೆ 1020 ಕೋಟಿ ಬಿಟ್ ಸಾಗಿಸಬಲ್ಲದು, 2013ರ 2.0 ಆವೃತ್ತಿ 1800 ಕೋಟಿ, 2017ರ 2.1 ಆವೃತ್ತಿ 4800 ಕೋಟಿ. ತಮಾಷೆಯೆಂದರೆ, ಹೊರಗಿನಿಂದ ನೋಡಿದರೆ ಮೂರಕ್ಕೂ ಅದೇ ಹತ್ತೊಂಬತ್ತು ಪಿನ್ನಿನ, ಅದೇ ಆಕಾರದ ಬಾಯಿ. ಯಾವುದನ್ನು ಯಾವುದಕ್ಕೆ ಬೇಕಾದರೂ ಸಿಕ್ಕಿಸಬಹುದು. ಸಿಕ್ಕಿಸಿದರೆ ಚಿತ್ರವೂ ಬರುತ್ತದೆ, ಆದ್ದರಿಂದಲೇ ತೊಂದರೆ ಎಲ್ಲಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ನಮ್ಮ ಹುಡುಗಿಯ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ 1.4ರದ್ದು. ಫೋರ್‌ ಕೆ ಚಿತ್ರವನ್ನು ಸೆಕೆಂಡಿಗೆ 60ರಂತೆ ಎಚ್‌ಡಿಎಂಐ ಮೂಲಕ ಕಳಿಸಲು, ಚಿತ್ರ ಚಿತ್ರದ ನಡುವೆ ಬಿಡುವ ಅಂತರ, ಕಾವಲಿಗೆ ಸೇರಿಸುವ ಹೆಚ್ಚುವರಿ ಬಿಟ್ ಎಲ್ಲ ಕೂಡಿ ಸುಮಾರು 1782 ಕೋಟಿ ಬೇಕು. ಕಿಂಡಿಯ ಶಕ್ತಿ 1020 ಕೋಟಿ. ಅರ್ಧಕ್ಕೆ ಇಳಿಸಿದರೆ 891 ಕೋಟಿ, ಅದು ಹಿಡಿಸುತ್ತದೆ. ಲ್ಯಾಪ್‌ಟಾಪ್ ಮಾಡಿದ್ದೂ ಅದನ್ನೇ, ಸೆಕೆಂಡಿಗೆ 30 ಚಿತ್ರ ಕಳಿಸಿತು. ಕೆಸರಿನಲ್ಲಿ ಕಾಲೆಳೆಯುತ್ತಿದ್ದ ಬಾಣದ ಗುಟ್ಟು ಇಷ್ಟೇ. ಯಾವ ಯಂತ್ರವೂ ಕೆಟ್ಟಿರಲಿಲ್ಲ. ಮಾನಿಟರ್ ಸಿಕ್ಕಿಸಿದೊಡನೆ ತನಗೆ ಏನೇನು ಸಾಧ್ಯ ಎಂದು ಕಂಪ್ಯೂಟರಿಗೆ ತಿಳಿಸುವ ಏರ್ಪಾಡು 1994ರಿಂದಲೂ ಇದೆ. ಅವೆರಡೂ ಮಾತಾಡಿಕೊಂಡು, ಇಬ್ಬರಿಗೂ ನಿಭಾಯಿಸಲಾಗುವ ದರ್ಜೆಗೆ ಒಪ್ಪಿಕೊಂಡಿದ್ದವು. ಮನೆಯವರಿಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ!

ಇದನ್ನು ಅಪ್ಪನಿಗೆ ವಿವರಿಸುವುದಕ್ಕೆ ಬೆಟ್ಟವೇ ಸಹಾಯಕ್ಕೆ ಬಂತು. ಸಂಕ್ರಾಂತಿಯ ದಿನ ದಾಬಸ್‌ಪೇಟೆ ಕಡೆಯಿಂದ ಬಸ್ಸು, ಕಾರುಗಳಲ್ಲಿ ಎಷ್ಟು ಜನ ಬಂದರೂ ರಸ್ತೆ ಹೊರುತ್ತದೆ. ಒಳಕಲ್ಲು ತೀರ್ಥ ದಾಟಿ ಮೇಲೆ ಹೋದಂತೆ, ಬಂಡೆಯಲ್ಲಿ ಕೊರೆದ ಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಅಲ್ಲಿ ಒಬ್ಬರ ಹಿಂದೊಬ್ಬರು. ಕೆಳಗಿನ ರಸ್ತೆಯನ್ನು ಇನ್ನೂ ಎರಡು ಪಟ್ಟು ಅಗಲ ಮಾಡಿದರೆ ಮೇಲಿನ ಬಸವಣ್ಣನ ದರ್ಶನ ಬೇಗ ಆಗುತ್ತದೆಯೇ? “ಎಲ್ಲಾಗ್ತದೆ? ಆ ಮೆಟ್ಲಲ್ಲಿ ಎಷ್ಟು ಜನ ಹಿಡೀತಾರೋ ಅಷ್ಟೇಯ” ಎಂದರು. ಚಿನ್ನದ ತುದಿಯ ಕೇಬಲ್ಲಿನಿಂದ ಪ್ರಯೋಜನವಾಗದ್ದಕ್ಕೂ ಇದೇ ಕಾರಣ. ಇಕ್ಕಟ್ಟು ಇದ್ದದ್ದು ಲ್ಯಾಪ್‌ಟಾಪಿನ ಕಿಂಡಿಯಲ್ಲಿ, ದುಡ್ಡು ಸುರಿದದ್ದು ಕೇಬಲ್ಲಿಗೆ. (ಅಂದಹಾಗೆ, ಚಿನ್ನದ ಲೇಪ ತುಕ್ಕು ತಡೆಯುತ್ತದೆಯೇ ಹೊರತು ಚಿತ್ರವನ್ನು ಚಂದ ಮಾಡುವುದಿಲ್ಲ. ಈಗಿನ ಕೇಬಲ್ಲುಗಳಲ್ಲಿ ಸಾಗುವುದು ಅಂಕಿಗಳು. ಅವು ಸರಿಯಾಗಿ ತಲುಪಿದರೆ ಪೂರ್ತಿ ಚಿತ್ರ, ತಲುಪದಿದ್ದರೆ ಮಿಣುಕು ಚುಕ್ಕೆಗಳು, ಇಲ್ಲವೇ ಪರದೆ ಆಗಾಗ ಕಪ್ಪಾಗುವುದು. ತುಸು ಚಂದ, ಇನ್ನೂ ಚಂದ ಎಂಬುದಿಲ್ಲ.)

ಹಾಗಾದರೆ ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೇ? ಬೆಟ್ಟಕ್ಕೆ ಇನ್ನೊಂದು ದಾರಿಯಿದ್ದರೆ ಅದನ್ನು ಮೊದಲು ಹುಡುಕಬೇಕಷ್ಟೆ. ಲ್ಯಾಪ್‌ಟಾಪನ್ನು ಬೆಳಕಿಗೆ ತಿರುಗಿಸಿ ಬದಿಯ ಕಿಂಡಿಗಳನ್ನು ನೋಡಿದೆವು. ಮೊಬೈಲ್ ಚಾರ್ಜರಿನ ಬಾಯಿಯಂತೆ ಚಪ್ಪಟೆ ಮೊಟ್ಟೆಯಾಕಾರದ ಒಂದು ಯುಎಸ್‌ಬಿ-ಸಿ ಕಿಂಡಿ, ಅದರ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರಗಳನ್ನು ಹೆಣೆದಂಥ ಸಣ್ಣ ಗುರುತು. ಆ ಗುರುತಿದ್ದರೆ ಆ ಕಿಂಡಿಯಿಂದ ಡಿಸ್‌ಪ್ಲೇ ಪೋರ್ಟ್ ಎಂಬ ಇನ್ನೊಂದು ಪದ್ಧತಿಯಲ್ಲಿ ಚಿತ್ರ ಹೊರಬರುತ್ತದೆ ಎಂದರ್ಥ. ಮಾನಿಟರಿನ ಹಿಂದೆ ಆ ಕಿಂಡಿಯೂ ಇತ್ತು, ಯಾರೂ ಮುಟ್ಟಿರಲಿಲ್ಲ. ಡಿಸ್‌ಪ್ಲೇ ಪೋರ್ಟ್ 2006ರದ್ದು, 2010ರ 1.2 ಆವೃತ್ತಿಯೇ 2160 ಕೋಟಿ ಬಿಟ್ ಹೊರುತ್ತದೆ. ನಮ್ಮ ಕೆಲಸಕ್ಕೆ ಧಾರಾಳ.

ಹುಡುಗಿಯ ತಮ್ಮ ಉತ್ಸಾಹದಿಂದ ಮೊಬೈಲ್ ಚಾರ್ಜರಿನ ಕೇಬಲ್ ತಂದುಕೊಟ್ಟ. “ಇದ್ರದ್ದೂ ಅದೇ ಬಾಯಿ ಸಾರ್!” ಬಾಯಿ ಅದೇ, ಹೊಟ್ಟೆ ಬೇರೆ. ಚಾರ್ಜರ್ ಜೊತೆ ಬರುವ ಎಷ್ಟೋ ಕೇಬಲ್ಲುಗಳಲ್ಲಿ ವಿದ್ಯುತ್ತಿಗೂ ನಿಧಾನಗತಿಯ ಮಾಹಿತಿಗೂ ಬೇಕಾದ ತಂತಿಗಳಷ್ಟೇ ಇರುತ್ತವೆ, ಚಿತ್ರ ಸಾಗಿಸುವ ವೇಗದ ತಂತಿಜೋಡಿಗಳೇ ಇರುವುದಿಲ್ಲ. ನಾವು ತರಿಸಿದ್ದು ಒಂದು ಕಡೆ ಯುಎಸ್‌ಬಿ-ಸಿ, ಇನ್ನೊಂದು ಕಡೆ ಡಿಸ್‌ಪ್ಲೇ ಪೋರ್ಟ್ ಇರುವ, ಸುಮಾರು ಎರಡು ಮೀಟರಿನ ಕೇಬಲ್. ಬೆಲೆ ಸಾವಿರದ ಆಸುಪಾಸು. ಉದ್ದದ್ದೇ ತರಿಸಿಬಿಡಿ, ಮುಂದೆ ಬೇಕಾಗಬಹುದು ಎಂದರು ಅಪ್ಪ. ನಾನು ಬೇಡವೆಂದೆ. ಇಷ್ಟು ವೇಗದಲ್ಲಿ ತಾಮ್ರದ ತಂತಿ ಉದ್ದವಾದಷ್ಟೂ ಸಂಕೇತ ಸೊರಗುತ್ತದೆ.

ಕೇಬಲ್ ಬಂದ ಸಂಜೆ ಜೋಡಿಸಿದೆವು. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರಡಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ 3840×2160, 60 ಹರ್ಟ್ಜ್ ಎಂದು ಖಾತರಿ ಮಾಡಿಕೊಂಡೆವು. ಅಕ್ಷರ ಇರುವೆಯಷ್ಟು ಸಣ್ಣದಾಯಿತು. ಅದಕ್ಕೆ ರೆಸಲ್ಯೂಷನ್ ಇಳಿಸಬಾರದು. ಪಕ್ಕದಲ್ಲೇ ಇರುವ ಸ್ಕೇಲ್ ಎಂಬುದನ್ನು ನೂರೈವತ್ತು ಪರ್ಸೆಂಟಿಗೆ ಏರಿಸಬೇಕು. ಆಗ ಚುಕ್ಕೆಗಳು ಅಷ್ಟೇ ಇದ್ದು, ಒಂದೊಂದು ಅಕ್ಷರಕ್ಕೆ ಸಿಗುವ ಚುಕ್ಕೆಗಳು ಹೆಚ್ಚುತ್ತವೆ. ಹುಡುಗಿ ಒಂದು ಲಗ್ನಪತ್ರಿಕೆಯನ್ನು ತೆರೆದಳು. ಧಕಾರದ ಸೀಳು ಬ್ಲೇಡಿನಿಂದ ಕೊಯ್ದ ಹಾಗಿತ್ತು. ಅಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ವಧುವಿನ ಹೆಸರಿನಿಂದ ಮುಹೂರ್ತದವರೆಗೆ ಜೋರಾಗಿ ಓದಿದರು. ಆಮೇಲೆ ಮಗಳ ಕಡೆ ತಿರುಗಿ, “ಎಂ.ಎ. ಫಾರಂ ಯಾವಾಗ ಬರ್ತದಂತೆ?” ಎಂದು ಕೇಳಿದರು. ನಾನು ಕಾಫಿ ಕುಡಿದು ಎದ್ದು ಬಂದೆ.

ಶಾಲೆಗಳ ಹಳೆಯ ಕಂಪ್ಯೂಟರುಗಳಲ್ಲಿ ಇನ್ನೂ ನೀಲಿ ತುದಿಯ, ಎರಡು ತಿರುಪಿನ ವಿಜಿಎ ಕೇಬಲ್ ಕಾಣುತ್ತದೆ. 1987ರಲ್ಲಿ ಐಬಿಎಂ ಕಂಪನಿ ತಂದ ಪದ್ಧತಿ, ಆಗ ಅದರ ಪರದೆ ಬರೀ 640×480. ಅದರಲ್ಲಿ ಸಾಗುವುದು ಅಂಕಿಯಲ್ಲ, ಏರಿಳಿಯುವ ವಿದ್ಯುತ್ತಿನ ಅಲೆ. ಬೆಳಕಿನ ಪಾಠಕ್ಕೆ ಅದರಷ್ಟು ಒಳ್ಳೆಯ ಉಪಕರಣ ಇನ್ನೊಂದಿಲ್ಲ. ನೀಲಿಯ ಪಿನ್ನು ಮುರಿದರೆ ಬಿಳಿಯ ಪರದೆ ಹಳದಿಯಾಗುತ್ತದೆ, ಏಕೆಂದರೆ ಉಳಿದದ್ದು ಕೆಂಪು ಮತ್ತು ಹಸಿರು. ಹಸಿರು ಹೋದರೆ ಕಡುಗುಲಾಬಿ. ಕೆಂಪು ಹೋದರೆ? ಮಕ್ಕಳೇ ಹೇಳಲಿ. ಕಂಪ್ಯೂಟರ್ ಕೆಟ್ಟಿದೆ ಎಂದು ಮೂಲೆಗಿಡುವ ಮುನ್ನ ಆ ಪಿನ್ನುಗಳನ್ನೊಮ್ಮೆ ನೋಡುವುದು ಒಳ್ಳೆಯದು.

ಮಾನಿಟರ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ತಂದೆತಾಯಿಗಳು ಮನೆ ಬಿಡುವ ಮುನ್ನ ಲ್ಯಾಪ್‌ಟಾಪಿನ ಎರಡೂ ಬದಿಗಳನ್ನೂ, ಬೆನ್ನಿನ ಮೇಲಿರುವ ಮಾದರಿ ಸಂಖ್ಯೆಯನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಲಿ. ಅಂಗಡಿಯಲ್ಲಿ ‘ಇದು ಫೋರ್‌ ಕೆ ತಾನೇ?’ ಎಂದು ಕೇಳಬೇಡಿ, ಹೌದು ಎಂದೇ ಹೇಳುತ್ತಾರೆ. ‘ನನ್ನ ಲ್ಯಾಪ್‌ಟಾಪಿನ ಯಾವ ಕಿಂಡಿಯಿಂದ, ಯಾವ ಕೇಬಲ್ಲಿನಲ್ಲಿ, ಪೂರ್ತಿ ರೆಸಲ್ಯೂಷನ್ನಿಗೆ ಎಷ್ಟು ಹರ್ಟ್ಜ್ ಬರುತ್ತದೆ?’ ಎಂದು ಕೇಳಿ. ಇನ್ನೊಂದು ವಿಷಯ. ಲ್ಯಾಪ್‌ಟಾಪಿನ ಡಿಸ್‌ಪ್ಲೇ ಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗುವ ಸಾಧಾರಣ ಕೇಬಲ್ ಒಮ್ಮುಖ ರಸ್ತೆ ಇದ್ದಂತೆ. ಅದನ್ನೇ ತಿರುಗಿಸಿ ಎಚ್‌ಡಿಎಂಐನಿಂದ ಡಿಸ್‌ಪ್ಲೇ ಪೋರ್ಟಿಗೆ ಹಾಕಿದರೆ ಚಿತ್ರ ಬರುವುದಿಲ್ಲ, ಅದಕ್ಕೆ ಬೇರೆಯದೇ ಪರಿವರ್ತಕ ಬೇಕು.

ಇಷ್ಟಾಗಿ, ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿಗೆ ಫೋರ್‌ ಕೆ ಬೇಕೇ ಎಂದು ಯಾರಾದರೂ ನನ್ನನ್ನು ಕೇಳಿದರೆ, ಬೇಡವೆಂದೇ ಹೇಳುತ್ತೇನೆ. ಪಾಠದ ವಿಡಿಯೋ ನೋಡಲು, ಟಿಪ್ಪಣಿ ಬರೆಯಲು ಇಪ್ಪತ್ತೆರಡು ಇಂಚಿನ ಫುಲ್ ಎಚ್‌ಡಿ ಪರದೆ ಸಾಕು. ಅದಕ್ಕೆ ಯಾವ ಎಚ್‌ಡಿಎಂಐ ಕಿಂಡಿಯಾದರೂ ಆದೀತು. ಪುಟ ಜೋಡಣೆ, ನಕ್ಷೆ ಬಿಡಿಸುವುದು, ಫೋಟೋ ತಿದ್ದುವುದು ಇಂಥ ಕೆಲಸ ಕೈಗೆತ್ತಿಕೊಂಡವರಿಗೆ ಮಾತ್ರ ಆ ಖರ್ಚು. ಕೇಬಲ್ ಕೊಂಡ ದಿನವೇ ಅದರ ಎರಡೂ ತುದಿಗೆ ಬಿಳಿ ಪ್ಲಾಸ್ಟರ್ ಸುತ್ತಿ, ಅದು ಯಾವ ಆವೃತ್ತಿಯದು, ಎಷ್ಟು ಹರ್ಟ್ಜ್ ಬಂತು ಎಂದು ಪೆನ್ನಿನಲ್ಲಿ ಬರೆದಿಡಿ. ಆರು ತಿಂಗಳಾದ ಮೇಲೆ ಡ್ರಾಯರಿನಲ್ಲಿ ನಾಲ್ಕು ಕರಿಯ ಕೇಬಲ್ಲುಗಳು ಸೇರಿಕೊಂಡಾಗ ಯಾವುದು ಯಾವುದೆಂದು ಗೊತ್ತಾಗಲು ಬೇರೆ ಉಪಾಯವಿಲ್ಲ.