ಸೀಗಿ ಹುಣ್ಣಿಮೆಯ ಬೆಳಕಿನಲ್ಲಿ ಅವಳಿ ನಗರ

ಮಳೆಗಾಲ ಹಿಂದೆ ಸರಿದು ಸೀಗಿ ಹುಣ್ಣಿಮೆ ಹತ್ತಿರವಾದಂತೆ ಹುಬ್ಬಳ್ಳಿ-ಧಾರವಾಡದ ಆಕಾಶ ತೊಳೆದಿಟ್ಟಂತೆ ಕಾಣುತ್ತದೆ. ಇದು ಬರೀ ಕವಿಕಲ್ಪನೆಯಲ್ಲ. ತಿಂಗಳುಗಟ್ಟಲೆ ಸುರಿದ ಮಳೆ ಗಾಳಿಯಲ್ಲಿನ ಧೂಳನ್ನು ನೆಲಕ್ಕಿಳಿಸಿರುತ್ತದೆ. ಧೂಳು ಕಡಿಮೆಯಾದಷ್ಟೂ ನೀಲಿ ಗಾಢವಾಗುತ್ತದೆ. ಸೆಪ್ಟೆಂಬರ್ 23ರ ಸುಮಾರಿಗೆ ಇಲ್ಲಿ ನಡುಹಗಲಿನ ಸೂರ್ಯನ ಎತ್ತರ ಸುಮಾರು 74 ಡಿಗ್ರಿ. ಅಕ್ಟೋಬರ್ ಕೊನೆಗೆ ಅದು 60 ಡಿಗ್ರಿಗೆ ಇಳಿಯುತ್ತದೆ. ನೆರಳು ಉದ್ದವಾಗುತ್ತದೆ. ಛಾಯಾಗ್ರಾಹಕನಿಗೆ ಬೇಕಾದದ್ದು ಈ ನೆರಳೇ.

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಬೆಳಿಗ್ಗೆಯೇ ಹೋಗಬೇಕು. ಕಲ್ಯಾಣ ಚಾಲುಕ್ಯರ ಕಾಲದ, ನಾಲ್ಕೂ ದಿಕ್ಕಿಗೆ ಬಾಗಿಲಿರುವ ಗುಡಿ ಇದು. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಕೆತ್ತನೆಯ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ; ಮಧ್ಯಾಹ್ನ ಅದೇ ಗೋಡೆ ಸಪ್ಪೆ. ಸುತ್ತ ಮನೆಗಳು ಒತ್ತಿಕೊಂಡಿರುವುದರಿಂದ ಇಡೀ ಗುಡಿಯನ್ನು ಒಂದೇ ಚಿತ್ರದಲ್ಲಿ ಹಿಡಿಯುವುದು ಕಷ್ಟ. ಮನೆಗಳನ್ನು ಬಿಟ್ಟು ತೆಗೆಯಬೇಕೆಂಬ ಹಟ ಬೇಡ. ಅವೂ ಊರಿನ ಚರಿತ್ರೆಯೇ.

ಅಲ್ಲಿಂದ ಧಾರವಾಡಕ್ಕೆ ಬಸ್ ಹತ್ತಿದರೆ ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡ ಕಾದಿದೆ. ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ಈ ಕಟ್ಟಡ ರೈಲ್ವೆ ಕಚೇರಿಯಾಗಿತ್ತು. ಸಂಜೆಗೆ ಬೇಂದ್ರೆಯವರ ಸಾಧನಕೇರಿ. ಗಾಳಿ ನಿಂತ ಹೊತ್ತಿನಲ್ಲಿ ಕೆರೆಯ ನೀರು ಕನ್ನಡಿಯಾಗುತ್ತದೆ.

ಪಶ್ಚಿಮ ದೇಶಗಳಲ್ಲಿ ಈ ಋತುವಿನ ಬಣ್ಣ ಗಿಡದ ಎಲೆಯಲ್ಲಿ. ಈ ಭಾಗದಲ್ಲಿ ಹೊಲದಲ್ಲಿ. ಪಶ್ಚಿಮಕ್ಕೆ ಕಲಘಟಗಿಯ ಕಡೆ ಭತ್ತದ ಗದ್ದೆ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಎರೆಭೂಮಿಯಲ್ಲಿ ಹಿಂಗಾರಿ ಜೋಳ, ಕಡಲೆಯ ಬಿತ್ತನೆ. ಎರೆಯನ್ನು ತೆಗೆಯುವಾಗ ಕ್ಯಾಮೆರಾ ಮೋಸಹೋಗುತ್ತದೆ. ಎಲ್ಲವನ್ನೂ ನಡುಮಟ್ಟದ ಬೂದುಬಣ್ಣಕ್ಕೆ ತರುವಂತೆ ಅದು ಬೆಳಕನ್ನು ಅಳೆಯುವುದರಿಂದ ಕಪ್ಪು ಮಣ್ಣು ಮಾಸಲಾಗುತ್ತದೆ. ಬೆಳಕನ್ನು ತುಸು ಇಳಿಸಿದರೆ ಎರೆ ಮತ್ತೆ ಎರೆಯಾಗುತ್ತದೆ. ಬಿರಿದ ಹತ್ತಿಗೆ ಇದರ ತದ್ವಿರುದ್ಧ: ಬೆಳಕನ್ನು ತುಸು ಏರಿಸಬೇಕು. ಇಷ್ಟನ್ನು ಮೊಬೈಲಿನಲ್ಲೂ ಮಾಡಬಹುದು.

ಸೀಗಿ ಹುಣ್ಣಿಮೆಯಂದು ರೈತರ ಮನೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರನ್ನು ಪೂಜಿಸಿ, ಚರಗ ಚೆಲ್ಲಿ ಉಣ್ಣುತ್ತಾರೆ. ಚಿತ್ರ ತೆಗೆಯುವ ಮುನ್ನ ಹಿರಿಯರನ್ನು ಕೇಳುವುದು ಮರ್ಯಾದೆ. ಕೇಳಿದವರಿಗೆ ಚಿತ್ರವೂ ಸಿಗುತ್ತದೆ, ರೊಟ್ಟಿ-ಪಲ್ಯವೂ ಸಿಗುತ್ತದೆ.

ಆದರೆ ಇಂದು ಚಿತ್ರದಲ್ಲಿ ಬಂದ ಹೊಲ ಮುಂದಿನ ವರ್ಷ ಇರುತ್ತದೆಂದು ಹೇಳುವಂತಿಲ್ಲ. ಊರಂಚಿನ ಎರೆಯಲ್ಲಿ ಪ್ಲಾಟಿನ ಕಲ್ಲುಗಳು ಏಳುತ್ತಿವೆ. ಬೆರಳುದ್ದದ ಎರೆಮಣ್ಣು ಆಗಲು ನೂರಾರು ವರ್ಷ ಬೇಕು. ಅದರ ಮೇಲೆ ಕಾಂಕ್ರೀಟು ಸುರಿಯಲು ಒಂದು ದಿನ ಸಾಕು. ವಿದ್ಯಾರ್ಥಿಗಳು ಇಲ್ಲೊಂದು ಕೆಲಸ ಮಾಡಬಹುದು. ಪ್ರತಿವರ್ಷ ಸೀಗಿ ಹುಣ್ಣಿಮೆಗೆ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖಮಾಡಿ ನಿಂತು ಒಂದು ಚಿತ್ರ ತೆಗೆಯುವುದು. ದಿನಾಂಕ, ವೇಳೆ, ಸ್ಥಳವನ್ನು ವಹಿಯಲ್ಲಿ ಬರೆಯುವುದು. ಖರ್ಚಿಲ್ಲದ ಈ ಅಭ್ಯಾಸಕ್ಕೆ ಪಾಲಕರು ವರ್ಷಕ್ಕೊಂದು ರಜೆಯ ದಿನ ಕೊಟ್ಟರೆ ಸಾಕು. ಹತ್ತು ವರ್ಷದ ಹತ್ತು ಚಿತ್ರಗಳನ್ನು ಸಾಲಾಗಿ ಇಟ್ಟಾಗ, ಊರು ಏನು ಗಳಿಸಿತು, ಏನು ಕಳೆದುಕೊಂಡಿತು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.